ಹೊಲಿಗೆ ನೋಡಿ ಕೊಂಡ ಕಾರು: 2024ರ ಸ್ವಿಫ್ಟ್

ಸ್ವಿಫ್ಟಿನ ಮೈಲೇಜ್, ಪಿಕಪ್, ಏರ್‌ಬ್ಯಾಗ್ ಬಗ್ಗೆ ಬೇಕಾದಷ್ಟು ಜನ ಹೇಳಿದ್ದಾರೆ. ನಾನು ಅದರ ಮೈ ಬಗ್ಗೆ ಹೇಳುತ್ತೇನೆ. ತಗಡಿಗೆ ತಗಡು ಕೂಡುವ ಸಂದುಗಳು, ತಗಡಿನ ಮೇಲೆ ಎಬ್ಬಿಸಿದ ಗೆರೆಗಳು, ಇವೆರಡೇ ನನ್ನ ವಿಷಯ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಕಟಿಂಗ್ ನಾನೇ ಮಾಡುತ್ತೇನೆ. ಹಾಗಾಗಿ ಏನು ನೋಡಿದರೂ ಕಣ್ಣು ಮೊದಲು ಹೋಗುವುದು ಹೊಲಿಗೆಗೆ. ಪ್ಯಾಂಟ್ ಚೆನ್ನಾಗಿ ಕಾಣುವುದು ಬಟ್ಟೆಯ ರೇಟಿನಿಂದಲ್ಲ, ಹೊಲಿಗೆ ಬಿದ್ದ ಜಾಗದಿಂದ. ಕಾರೂ ಹಾಗೇ ಅಂತ ನನ್ನ ನಂಬಿಕೆ. ಈ ಸ್ವಿಫ್ಟ್ ನನಗೆ ಹಿಡಿಸಿದ್ದು ಅದೇ ಕಾರಣಕ್ಕೆ.

ಸಂದು ಇಲ್ಲದ ಕಾರು ಇಲ್ಲ. ಬಾಗಿಲು ತೆರೆಯಬೇಕು, ಬಾನೆಟ್ ಏಳಬೇಕು, ಡಿಕ್ಕಿ ಮುಚ್ಚಬೇಕು. ಪ್ರೆಸ್‌ನಲ್ಲಿ ಒತ್ತುವ ತಗಡಿಗೂ ಮಿತಿ ಇದೆ, ಜಾಸ್ತಿ ಎಳೆದರೆ ಹರಿಯುತ್ತದೆ, ಇಲ್ಲವೇ ಸುಕ್ಕು ಬೀಳುತ್ತದೆ. ಅದಕ್ಕೇ ಮೈಯನ್ನು ತುಂಡು ತುಂಡಾಗಿ ಮಾಡಿ ಕೂಡಿಸುತ್ತಾರೆ. ಒಂದು ಕಡೆ ವೆಲ್ಡಿಂಗ್, ಒಂದು ಕಡೆ ಬೋಲ್ಟ್, ಒಂದು ಕಡೆ ಹಿಂಜ್. ಈಗಿನ ಸಾಮಾನ್ಯ ಕಾರುಗಳಲ್ಲಿ ಸಂದು ಹೆಚ್ಚುಕಡಿಮೆ 3ರಿಂದ 5 ಮಿ.ಮೀ. ಇರುತ್ತದೆ. ಅದರ ಅಗಲ ಅಷ್ಟು ಕಣ್ಣಿಗೆ ಬೀಳಲ್ಲ, ಸಮ ಇಲ್ಲದಿದ್ದರೆ ಬೀಳುತ್ತದೆ. ಮೇಲಿಂದ ಕೆಳಗಿನ ತನಕ 5 ಇದ್ದರೆ ಯಾರೂ ಗಮನಿಸಲ್ಲ. ಮೇಲೆ 3, ಕೆಳಗೆ 5 ಆಯಿತೋ, ಬಾಗಿಲು ಜೋತು ಬಿದ್ದಂತೆ ಕಾಣುತ್ತದೆ.

ಇನ್ನೊಂದು, ಮಟ್ಟ. ಒಂದು ತಗಡು ಪಕ್ಕದ್ದಕ್ಕಿಂತ ಚೂರು ಮೇಲೆದ್ದರೂ ಬೆಳಕು ಅಲ್ಲಿ ಮುರಿಯುತ್ತದೆ. ಹಿಂದಿನ ಬಾಗಿಲಿನ ಮುಂದಂಚನ್ನು ಮಾತ್ರ ಬೇಕಂತಲೇ ಒಂದು ಕೂದಲೆಳೆ ಒಳಗೆ ಕೂರಿಸುವುದುಂಟು. ಓಡುವಾಗ ಗಾಳಿ ಆ ಅಂಚಿಗೆ ಬಡಿದು ಸದ್ದು ಮಾಡಬಾರದು ಅಂತ. ಬಾಗಿಲಿನ ಹೊರತಗಡನ್ನು ಒಳತಗಡಿನ ಸುತ್ತ ಮಡಚಿ ಒತ್ತುತ್ತಾರೆ, ನಾವು ಪ್ಯಾಂಟಿನ ಕಾಲಂಚು ಮಡಚುವ ಹಾಗೆ. ಆ ಮಡಿಕೆ ದುಂಡಗಾದಷ್ಟೂ ಸಂದು ಇರುವುದಕ್ಕಿಂತ ಅಗಲ ಕಾಣುತ್ತದೆ. ಮಡಿಕೆ ಚೂಪಾಗಿದ್ದರೆ ಅದೇ ಅಳತೆ ಬಿಗಿಯಾಗಿ ಕಾಣುತ್ತದೆ. ಸ್ಕೇಲ್ ಹೇಳುವುದು ಒಂದು, ಕಣ್ಣು ಹೇಳುವುದು ಇನ್ನೊಂದು.

ಈಗ ಕಾರಿಗೆ ಬರೋಣ. 2005ರಲ್ಲಿ ಶುರುವಾದ ಭಾರತದ ಸ್ವಿಫ್ಟ್‌ಗಳಲ್ಲಿ ಇದು ನಾಲ್ಕನೇ ತಲೆಮಾರು. 2024ರ ಮೇ ತಿಂಗಳಲ್ಲಿ ಬಂತು, ಆಗ ಎಕ್ಸ್ ಶೋರೂಂ ಬೆಲೆ 6.49 ಲಕ್ಷದಿಂದ ಶುರು. ಹಿಂದಿನವುಗಳಲ್ಲಿ ಬಾನೆಟ್ಟಿನ ಸಂದು ಮೇಲ್ಗಡೆ ಇತ್ತು. ಗಾಜಿನ ಬುಡದಿಂದ ಹೆಡ್‌ಲೈಟ್ ಕಡೆಗೆ ಎರಡು ಕಪ್ಪು ಗೆರೆ ಓಡುತ್ತಿದ್ದವು. ಬಾನೆಟ್ ಬೇರೆ, ಫೆಂಡರ್ (ಮುಂದಿನ ಚಕ್ರದ ಮೇಲಿನ ಪಕ್ಕದ ತಗಡು) ಬೇರೆ ಅಂತ ನೇರ ಮುಖದ ಮೇಲೇ ಬರೆದಂತೆ. ಹೊಸದರಲ್ಲಿ ಬಾನೆಟ್ ಎರಡೂ ಕಡೆ ಫೆಂಡರಿನ ಮೇಲೆ ಹೊದ್ದುಕೊಂಡು ಪಕ್ಕಕ್ಕೆ ಇಳಿದಿದೆ. ಕ್ಲ್ಯಾಮ್‌ಶೆಲ್ ಬಾನೆಟ್ ಅಂತಾರೆ. ರೇಂಜ್ ರೋವರ್‌ನಂಥ ದೊಡ್ಡ ಗಾಡಿಗಳಲ್ಲಿ ಮೊದಲಿಂದಲೂ ಇರುವ ಪದ್ಧತಿ ಇದು.

ಇದರಿಂದ ಆದದ್ದೇನು? ಮುಂದೆ ನಿಂತು ನೋಡಿದರೆ ಬಾನೆಟ್ಟಿನ ಮೇಲ್ಭಾಗ ಪೂರ್ತಿ ಒಂದೇ ತಗಡು. ಎಲ್ಲೂ ಕಡಿತ ಇಲ್ಲ. ಸಂದು ಪಕ್ಕಕ್ಕೆ ಹೋಯಿತು. ಪಕ್ಕಕ್ಕೆ ಹೋಗಿ ಸುಮ್ನೆ ಕೂರಲಿಲ್ಲ, ಬಾಗಿಲಿನ ಮೇಲೆ ಒತ್ತಿದ ಭುಜದ ಗೆರೆಗೆ ಸೇರಿಕೊಂಡಿತು. ಆ ಗೆರೆ ಬಾಗಿಲು ದಾಟಿ ಹಿಂದಿನ ಲೈಟ್ ಕಡೆಗೆ ಹೋಗಿ ಕಾರನ್ನು ಸುತ್ತು ಹಾಕುತ್ತದೆ. ಅಂದರೆ ಮುಂದೆ ಅದು ಸಂದು, ಹಿಂದೆ ಅದೇ ಗೆರೆ. ಎಲ್ಲಿ ಸಂದು ಮುಗಿದು ಗೆರೆ ಶುರುವಾಯಿತು ಅಂತ ದೂರದಿಂದ ಗೊತ್ತೇ ಆಗಲ್ಲ.

ನನ್ನ ಕಸುಬಿನವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಜೀನ್ಸ್ ಪ್ಯಾಂಟಿನ ಹಿಂದೆ ಸೊಂಟದ ಕೆಳಗೆ ಯೋಕ್ ಅಂತ ಒಂದು ಪಟ್ಟಿ ಇರುತ್ತದೆ. ಬಟ್ಟೆ ಮೈಗೆ ಕೂರಲಿ ಅಂತ ಅಲ್ಲಿ ಜೋಡಿಸಲೇಬೇಕು. ಆ ಜೋಡಣೆಯನ್ನು ಮುಚ್ಚಿಡುವುದಿಲ್ಲ. ಎದ್ದು ಕಾಣುವ ದಾರದಲ್ಲಿ ಡಬಲ್ ಹೊಲಿಗೆ ಹಾಕಿ ಅದನ್ನೇ ಅಂದ ಮಾಡುತ್ತೇವೆ. ಬೇಕೇ ಬೇಕಾದ ಜೋಡಣೆ ಅಲಂಕಾರವೂ ಆದರೆ ಬೇರೆ ಅಲಂಕಾರ ಬೇಕಾಗಲ್ಲ. ಸ್ವಿಫ್ಟಿನ ಬಾನೆಟ್ಟಿನ ಅಂಚು ಅಂಥದ್ದು. ಕಾರು 3860 ಮಿ.ಮೀ. ಉದ್ದ ಅಷ್ಟೇ, ಎತ್ತರ 1520. ಅಷ್ಟು ಮೋಟು ಕಾರಿಗೆ ಸುತ್ತಲೂ ಒಂದೇ ಗೆರೆ ಓಡಿದರೆ ಅದು ಉದ್ದ ಕಾಣುತ್ತದೆ, ನೆಲಕ್ಕೆ ಹತ್ತಿರ ಕಾಣುತ್ತದೆ. ಈಗ ಬರುವ ಎಷ್ಟೋ ಕಾರುಗಳ ಬಾಗಿಲ ಮೇಲೆ ಮೂರು ನಾಲ್ಕು ಗೆರೆ ಗೀಚಿರುತ್ತಾರೆ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಯಾವುದೂ ಎಲ್ಲಿಗೂ ತಲುಪಲ್ಲ. ಅದನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಎಲ್ಲಾ ಚೆನ್ನಾಗಿದೆ ಅಂತ ಅಲ್ಲ. 2018ರ ಸ್ವಿಫ್ಟಿನಲ್ಲಿ ಹಿಂದಿನ ಬಾಗಿಲಿನ ಹಿಡಿ ಮೇಲೆ, ಕಿಟಕಿ ಪಕ್ಕದ ಕಂಬದಲ್ಲಿ ಅಡಗಿತ್ತು. ಎರಡೇ ಬಾಗಿಲಿನ ಕಾರಿನ ಹಾಗೆ ಕಾಣುತ್ತಿತ್ತು. ಹೊಸದರಲ್ಲಿ ಹಿಡಿ ಮಾಮೂಲಿ ಜಾಗಕ್ಕೆ ವಾಪಸ್ ಬಂದಿದೆ. ನೋಡಲು ಹಿಂದಿನದೇ ಚೆಂದ ಅಂತ ನಾನು ಈಗಲೂ ಹೇಳುತ್ತೇನೆ. ನಮ್ಮ ಅಮ್ಮನ ಕೈಗೆ ಸುಲಭವಾಗಿ ಸಿಗುವುದು ಹೊಸದು. ಮನೆಯಲ್ಲಿ ಅಮ್ಮನ ಮಾತೇ ನಡೆಯಿತು. ಟಾಪಿನ ಎರಡು ಅಂಚಿಗೆ ಓಡುವ ಕಪ್ಪು ಪಟ್ಟಿ ನನಗೆ ಇಷ್ಟ ಇಲ್ಲ. ಟಾಪಿನ ತಗಡು, ಪಕ್ಕದ ತಗಡು ವೆಲ್ಡ್ ಆಗುವ ಕಾಲುವೆಯನ್ನು ಅದು ಮುಚ್ಚುತ್ತದೆ. ಲೇಸರಿನಲ್ಲಿ ಬೆಸೆದ ದುಬಾರಿ ಕಾರುಗಳಿಗೆ ಆ ಪಟ್ಟಿಯೇ ಬೇಕಾಗಲ್ಲ. ಈ ಬೆಲೆಗೆ ಅದನ್ನು ಕೇಳುವುದು ನ್ಯಾಯ ಅಲ್ಲ, ಗೊತ್ತು. ಆದರೂ ಬಿಳಿ ಕಾರಿನಲ್ಲಿ ಕಣ್ಣು ಅಲ್ಲಿಗೆ ಹೋಗುತ್ತದೆ.

ಬಂಪರ್ ಮತ್ತು ಫೆಂಡರ್ ಕೂಡುವ ಜಾಗ ಯಾವ ಕಾರಿನಲ್ಲೂ ಕಷ್ಟದ್ದು. ಫೆಂಡರ್ ಉಕ್ಕು, ಬಂಪರ್ ಪ್ಲಾಸ್ಟಿಕ್. ಉಕ್ಕು 1 ಮೀಟರ್ ಉದ್ದಕ್ಕೆ 1 ಡಿಗ್ರಿ ಬಿಸಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಬಂಪರಿನ ಪ್ಲಾಸ್ಟಿಕ್ ಅದರ ಹಲವು ಪಟ್ಟು. ಬೆಳಗಿನ ಜಾವಕ್ಕೂ ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನಕ್ಕೂ ಬಿಸಿಲಲ್ಲಿ ನಿಂತ ಕಾರಿನ ಮೈ ಎಷ್ಟು ಕಾಯುತ್ತದೆ ಅಂತ ಮುಟ್ಟಿದವರಿಗೆ ಗೊತ್ತು. ಆ ಹಿಗ್ಗುವಿಕೆಗೆ ಜಾಗ ಬಿಡಲೇಬೇಕು. ಬಣ್ಣವೂ ಎರಡರ ಮೇಲೆ ಬೇರೆ ಬೇರೆ ಥರ ಕೂರುತ್ತದೆ, ಪಕ್ಕಪಕ್ಕ ನೋಡಿದರೆ ಒಂದು ಚೂರು ವ್ಯತ್ಯಾಸ ಕಾಣುತ್ತದೆ.

ಬಣ್ಣ ಆರಿಸುವವರು ಇದನ್ನು ಕೇಳಿ. ಬಿಳಿ, ಸಿಲ್ವರ್ ಮೇಲೆ ಸಂದುಗಳು ಕಪ್ಪಗೆ ಎದ್ದು ಕಾಣುತ್ತವೆ, ಒತ್ತಿದ ಗೆರೆಗಳು ಬಿಳಿಯಲ್ಲಿ ಮಸುಕಾಗುತ್ತವೆ. ಕಡು ಬಣ್ಣದಲ್ಲಿ ಉಲ್ಟಾ. ಸಂದು ಮರೆಯಾಗುತ್ತದೆ, ಗೆರೆಯ ಮೇಲೆ ಬೆಳಕು ಹೊಳೆಯುತ್ತದೆ. ಈ ಕಾರಿನ ಗೆರೆ ನೋಡಬೇಕೆಂದರೆ ಕೆಂಪು ಅಥವಾ ಬೂದು ಒಳ್ಳೆಯದು. ನಮ್ಮದು ಬಿಳಿ, ಬಿಸಿಲಿಗೆ ಅದೇ ಸರಿ ಅಂತ ತಗೊಂಡೆವು. ಸಂಡೂರು ರೋಡಿನಲ್ಲಿ ಅದಿರು ಲಾರಿಗಳ ಹಿಂದೆ ಒಮ್ಮೆ ಹೋಗಿ ಬಂದರೆ ಸಂದುಗಳೆಲ್ಲ ಕೆಂಪಗಾಗುತ್ತವೆ. ಬಟ್ಟೆಯಲ್ಲಿ ಒರೆಸಬೇಡಿ, ಧೂಳು ಬಣ್ಣವನ್ನು ಗೀರುತ್ತದೆ. ಮೊದಲು ನೀರು ಬಿಡಿ, ಆಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಸಂದು ತೊಳೆಯಿರಿ. ಬಾಗಿಲಿನ ಕೆಳಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿವೆ. ಧೂಳು ಕೆಸರಾಗಿ ಅವು ಕಟ್ಟಿಕೊಂಡರೆ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಇಂಥ ಬಾನೆಟ್ಟಿನ ದೊಡ್ಡ ತೊಂದರೆ ರಿಪೇರಿಯದ್ದು. ಸುಧಾ ಕ್ರಾಸ್ ಹತ್ತಿರ ಆಟೊ ಒಂದು ಬಂದು ಎಡಗಡೆ ಮೂಲೆಗೆ ಬಡಿಯಿತು. ಒಂದು ಗ್ಯಾರೇಜಿಗೆ ಬಿಟ್ಟೆ. ಫೆಂಡರ್ ಹೊಸದು ಹಾಕಿ, ಬಣ್ಣ ಚೆನ್ನಾಗೇ ಹೊಡೆದು ಕೊಟ್ಟರು. ಆದರೆ ಬಾನೆಟ್ಟಿನ ಅಂಚು ಬಾಗಿಲಿನ ಗೆರೆಗಿಂತ ಮೇಲೆ ನಿಂತಿತ್ತು. ಬಾನೆಟ್, ಫೆಂಡರ್, ಬಾಗಿಲು ಮೂರೂ ಸೇರುವ ಜಾಗ ಅದು. ಪ್ಯಾಂಟಿನಲ್ಲಿ ತೊಡೆಸಂದಿನ ಹತ್ತಿರ ನಾಲ್ಕು ಹೊಲಿಗೆ ಸೇರುತ್ತವೆ, ಅಲ್ಲಿ ತಪ್ಪಿದರೆ ಪ್ಯಾಂಟೇ ವಾಪಸ್ ಬರುತ್ತದೆ. ಇಲ್ಲೂ ಅಷ್ಟೇ. ಗೆರೆ ಅಲ್ಲಿ ಮೆಟ್ಟಿಲು ಹತ್ತಿದಂತೆ ಆಗಿ, ಕಾರಿನ ಲಕ್ಷಣವೇ ಹೋಗಿತ್ತು. ಬಾನೆಟ್ಟಿನ ಸಂದು ಮೇಲ್ಗಡೆ ಇದ್ದ ಹಳೆ ಸ್ವಿಫ್ಟಿನಲ್ಲಿ ಅಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪರಿಚಯದ ಟಿಂಕರಿಂಗ್ ಮೇಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಕೂತು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದರು. "ಅಣ್ಣಾ, ತಗಡಿನದ್ದೇನೂ ತಪ್ಪಿಲ್ಲ. ಹಿಂಜ್ ಚೂರು ಎತ್ತರಕ್ಕ ಕುಂತೈತಿ, ಅಷ್ಟ" ಅಂದರು. ಪುಟ್ಟಿ ಮುಟ್ಟಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ. ಹಿಂಜಿನ ಬೋಲ್ಟ್ ತೂತುಗಳು ಚೂರು ದೊಡ್ಡವೇ ಇರುತ್ತವೆ, ಸರಿಸಲಿ ಅಂತಲೇ. ಅವನ್ನು ಸಡಿಲ ಮಾಡಿ ಬಾನೆಟ್ಟಿನ ಹಿಂಬದಿ ಇಳಿಸಿದರು. ಆಮೇಲೆ ಫೆಂಡರಿನ ಬೋಲ್ಟ್ ಸಡಿಲಿಸಿ ಬಾಗಿಲಿನ ಸಂದನ್ನು ಸಮ ಮಾಡಿದರು. ಮುಂದಿನ ಮೂಲೆಗಳ ಕೆಳಗೆ ತಿರುಗಿಸಿ ಏರಿಸುವ ರಬ್ಬರ್ ಗುಬಟುಗಳಿವೆ, ಎತ್ತರ ಅದರಿಂದ ಕೂಡಿಸಿದರು. ಕೊನೆಗೆ ಲಾಕ್. ಈ ಕ್ರಮ ತಪ್ಪಿಸಿದರೆ ಒಂದು ಸರಿ ಮಾಡುವಾಗ ಇನ್ನೊಂದು ಕೆಡುತ್ತದೆ. ಈಗ ಬೆರಳು ಎಳೆದರೆ ಬಾನೆಟ್ಟಿನಿಂದ ಬಾಗಿಲಿಗೆ ಎಲ್ಲೂ ತಡೆಯಲ್ಲ. ಹಾಗಾಗಿ ಈ ಕಾರಿಗೆ ಏಟು ಬಿದ್ದರೆ ಬಣ್ಣಕ್ಕಿಂತ ಮೊದಲು ಫಿಟಿಂಗ್ ಗೊತ್ತಿರುವ ಕೈ ಹುಡುಕಿ.

ಹೊಸದು ಡೆಲಿವರಿ ತಗೊಳ್ಳುವವರು ಶೋರೂಮಿನ ಟ್ಯೂಬ್‌ಲೈಟ್ ಕೆಳಗೆ ಕಾರಿನ ಮೂಲೆಯಲ್ಲಿ ನಿಂತು ಲೈಟಿನ ಪ್ರತಿಬಿಂಬ ನೋಡಿ. ಫೆಂಡರಿನಿಂದ ಬಾಗಿಲಿಗೆ, ಬಾಗಿಲಿನಿಂದ ಬಾಗಿಲಿಗೆ ಅದು ಮುರಿಯದೆ ಹೋಗಬೇಕು. ಎಡ ಬಲ ಹೋಲಿಸಿ. ಡಿಕ್ಕಿ ಮತ್ತು ಬಂಪರ್ ನಡುವಿನ ಸಂದು ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಅಗಲವೇ, ಅದಕ್ಕೆ ಗಾಬರಿ ಬೇಡ, ಎರಡೂ ತುದಿ ಒಂದೇ ಅಳತೆ ಇದ್ದರೆ ಸಾಕು. ಕಾರುಗಳ ಮೈಗೆ ಬೇಕಾದ ಶೀಟ್ ನಮ್ಮ ತೋರಣಗಲ್ಲಿನ ಜಿಂದಾಲ್‌ನಲ್ಲೂ ತಯಾರಾಗುತ್ತದೆ. ಉಕ್ಕಿನ ಊರಿನವರು ನಾವು, ತಗಡನ್ನು ಇಷ್ಟಾದರೂ ಗಮನಿಸಿ ನೋಡಬೇಕು ಅಲ್ವಾ?

ಆಮೇಲೆ ಆಕ್ಸೆಸರಿ ಪಟ್ಟಿ ಕೈಗೆ ಕೊಡುತ್ತಾರೆ. ಸೈಡ್ ಬೀಡಿಂಗ್, ಬಾಗಿಲಂಚಿಗೆ ಕ್ರೋಮ್, ಬಾನೆಟ್ ಮೇಲೆ ಸ್ಟಿಕ್ಕರ್. ಅವೆಲ್ಲ ಬೇಡ ಅನ್ನಿ. ಕ್ರೋಮ್ ಅಂಟಿಸಿದರೆ ಸಮ ಇದ್ದ ಸಂದು ಸೊಟ್ಟ ಕಾಣುತ್ತದೆ, ಬೀಡಿಂಗ್ ಹಾಕಿದರೆ ಭುಜದ ಗೆರೆಗೆ ಅಡ್ಡ ಇನ್ನೊಂದು ಗೆರೆ ಬರುತ್ತದೆ. ಡೋರ್ ವೈಸರ್ ಒಂದನ್ನು ನಾನು ಹಾಕಿಸಿದೆ. ಬಳ್ಳಾರಿ ಬಿಸಿಲಲ್ಲಿ ಗಾಜು ಒಂದು ಬೆರಳು ಇಳಿಸಿ ನಿಲ್ಲಿಸಲು ಅದು ಬೇಕೇ ಬೇಕು.