ಪೋಡಿ ಆಗದ ಜಮೀನಿನಲ್ಲಿ ಪಾಯ ತೋಡಿಸಬೇಡಿ

ತಿಪಟೂರು ಕಡೆಯ ನಮ್ಮ ತೋಟದಲ್ಲಿ ಆರುನೂರು ಚದರ ಅಡಿಯ ಮನೆ ಕಟ್ಟಿದ್ದೇನೆ. ಎರಡು ಕೋಣೆ, ಹೆಂಚಿನ ಮಾಡು, ಮುಂದೊಂದು ಜಗಲಿ. ಅದರ ಅಡುಗೆಮನೆಯ ಅರ್ಧ ನನ್ನದಲ್ಲ ಎಂದು ಗೊತ್ತಾದದ್ದು ಗೃಹಪ್ರವೇಶವಾಗಿ ಹದಿನಾಲ್ಕು ತಿಂಗಳ ಮೇಲೆ. ‘ಅಪ್ಪನ ಜಮೀನು, ಯಾರು ಕೇಳುತ್ತಾರೆ’ ಎಂದು, ಪೋಡಿ (ಜಂಟಿ ಜಮೀನನ್ನು ಅಳೆದು ಪಾಲು ಬೇರ್ಪಡಿಸುವುದು) ಮಾಡಿಸದೆಯೇ ಪಾಯ ತೋಡಿಸಲು ಹೊರಟವರು ಇದನ್ನೊಮ್ಮೆ ಓದಿ.

ಜಮೀನು ಒಟ್ಟು ನಾಲ್ಕು ಎಕರೆ ಹನ್ನೆರಡು ಗುಂಟೆ. ತಾತ ತೀರಿಕೊಂಡ ಮೇಲೆ, 1996ರಲ್ಲಿ, ಅಪ್ಪ ಮತ್ತು ದೊಡ್ಡಪ್ಪ ಊರಿನ ನಾಲ್ಕು ಜನರನ್ನು ಕೂರಿಸಿಕೊಂಡು ಛಾಪಾ ಕಾಗದದ ಮೇಲೆ ಪಾಲು ಬರೆದುಕೊಂಡಿದ್ದರು. ಹುಣಸೆಮರದಿಂದ ಮೂಡಲಿಗೆ ತಮ್ಮನಿಗೆ, ಪಡುವಲಿಗೆ ಅಣ್ಣನಿಗೆ. ಅಷ್ಟೇ. ನೋಂದಣಿಯಿಲ್ಲ, ನಕ್ಷೆಯಿಲ್ಲ, ಪಹಣಿಯಲ್ಲಿ ಇಬ್ಬರ ಹೆಸರೂ ಜಂಟಿ. ಆ ಹುಣಸೆಮರವೋ, ಯಾವತ್ತೋ ಗಾಳಿಮಳೆಗೆ ಬಿದ್ದುಹೋಗಿತ್ತು. ಬುಡ ಎಲ್ಲಿತ್ತು ಎಂದರೆ ಅಪ್ಪ ಒಂದು ಜಾಗ ತೋರಿಸುತ್ತಿದ್ದರು, ದೊಡ್ಡಪ್ಪ ಇನ್ನೊಂದು.

ದಾರ ಹಿಡಿಯುವ ದಿನ ಮೇಸ್ತ್ರಿ ಕೇಳಿದ್ದರು, “ಗಡಿಯ ಬಾಂದು ಕಲ್ಲು ಎಲ್ಲಿದೆ ಸ್ವಾಮಿ?” “ಅಣ್ಣತಮ್ಮಂದಿರ ಜಮೀನಿಗೆ ಬಾಂದು ಏಕಪ್ಪಾ” ಎಂದು ನಕ್ಕಿದ್ದೆ.

ಬ್ಯಾಂಕಿನವರೂ ಎಚ್ಚರಿಸಿದ್ದರು. ಜಂಟಿ ಪಹಣಿ, ಭೂಪರಿವರ್ತನೆಯೂ ಆಗಿಲ್ಲ, ಗೃಹಸಾಲ ಸಾಧ್ಯವಿಲ್ಲ ಎಂದರು. ರೈತ ತನ್ನ ಹಿಡುವಳಿಯ ಶೇ 10 ಮೀರದ ಜಾಗದಲ್ಲಿ ಸ್ವಂತ ಬಳಕೆಗೆ ತೋಟದ ಮನೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಅವಕಾಶವಿದೆಯೆಂದು ನಾನು ಅವರಿಗೇ ಪಾಠ ಹೇಳಿ ಬಂದೆ. ಕಾನೂನೇನೋ ಸರಿ. ಹಿಡುವಳಿ ಯಾರದು ಎಂಬುದೇ ಇತ್ಯರ್ಥವಾಗಿರಲಿಲ್ಲ. ಕೊನೆಗೆ ಹೆಂಡತಿಯ ಒಡವೆ ಅಡವಿಟ್ಟು, ಚೀಟಿ ಎತ್ತಿ, ಹದಿಮೂರು ಲಕ್ಷ ಸುರಿದೆ.

ಆಮೇಲೆ ದೊಡ್ಡಪ್ಪನ ಮಗ ತನ್ನ ಪಾಲಿಗೆ ಬೇರೆ ಪಹಣಿ ಬೇಕೆಂದು ಪೋಡಿಗೆ ಅರ್ಜಿ ಹಾಕಿದ. ತಪ್ಪೇನಿಲ್ಲ, ನಾನೇ ಹಾಕಬೇಕಿತ್ತು. ಭೂಮಾಪಕರು ಸರಪಳಿ ಹಿಡಿದು ಬಂದರು. ಒಂದು ಸರಪಳಿ ಎಂದರೆ 33 ಅಡಿ, ಅಳತೆಯ ಲೆಕ್ಕದಲ್ಲಿ ಹದಿನಾರು ಆಣೆ. ಸರಪಳಿಗೆ ಸರಪಳಿ ಚೌಕವಾದರೆ ಒಂದು ಗುಂಟೆ. ಸರ್ವೆ ನಂಬರಿನ ಮೂಲೆಗಲ್ಲಿನಿಂದ ಎಳೆಯುತ್ತ ಬಂದ ಆ ಸರಪಳಿ ನಮ್ಮ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು. ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಗ್ಯಾಸ್ ಆರಿಸಿ ಪಕ್ಕಕ್ಕೆ ಸರಿದಳು. ಒಲೆಕಟ್ಟೆಗೂ ಪಾತ್ರೆ ತೊಳೆಯುವ ತೊಟ್ಟಿಗೂ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದ ಭೂಮಾಪಕರು, “ಇಲ್ಲಿ ಕಲ್ಲು ನೆಡುವುದು ಹೇಗೆ ಸಾರ್?” ಎಂದು ನನ್ನನ್ನೇ ಕೇಳಿದರು.

ದೊಡ್ಡಪ್ಪನ ಮಗ ಒಳ್ಳೆಯವನು. ಆಚೆ ಬದಿಯಲ್ಲಿ ಮೂರು ಗುಂಟೆ ಬಿಟ್ಟುಕೊಟ್ಟರೆ ಮನೆ ಇದ್ದ ಹಾಗೆಯೇ ಇರಲಿ ಎಂದ. ಆ ಮೂರು ಗುಂಟೆಯಲ್ಲಿ ಫಲ ಕೊಡುವ ಐದು ತೆಂಗಿನಮರಗಳಿವೆ, ಆ ಮಾತು ಬೇರೆ. ಒಪ್ಪಂದವನ್ನು ನೋಂದಾಯಿಸಲು ಹೋದಾಗ ವಕೀಲರು ಕೇಳಿದರು, “ನಿಮ್ಮ ತಂದೆಗೆ ಅಕ್ಕತಂಗಿಯರಿದ್ದಾರೆಯೇ?”

ಇಬ್ಬರು ಅತ್ತೆಯಂದಿರಿದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. ನಮ್ಮದು ಬರೀ ಛಾಪಾ ಕಾಗದ. ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲಿಲ್ಲ ಎಂಬುದು ಮಗಳ ಹಕ್ಕಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿಬಿಟ್ಟಿದೆ.

ದೊಡ್ಡತ್ತೆಯ ಮನೆಗೆ ಹಣ್ಣುಕಾಯಿ ಹಿಡಿದು ಹೋದೆ. ಅವರು ಸಿಟ್ಟಾಗಲಿಲ್ಲ. “ಗೃಹಪ್ರವೇಶಕ್ಕೆ ಸೀರೆ ಉಡಿಸಿ ಕರೆದೆಯಲ್ಲಪ್ಪಾ, ಗುದ್ದಲಿ ಪೂಜೆಗೆ ಏಕೆ ಕರೆಯಲಿಲ್ಲ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ನೀವು ಈ ಕೆಲಸವನ್ನು ತಿರುವುಮುರುವು ಮಾಡಬೇಡಿ. ಅತ್ತೆ, ಅಕ್ಕ, ತಂಗಿ ಎಲ್ಲರನ್ನೂ ಮೊದಲು ಕೇಳಿ. ಅಳತೆ ಮಾಡಿಸಿ, ಪಾಲಿನ ಗಡಿ ತೋರಿಸುವ 11ಇ ನಕ್ಷೆ ಪಡೆಯಿರಿ, ಎಲ್ಲರ ಸಹಿಯೊಂದಿಗೆ ಪಾಲುಪಟ್ಟಿ ನೋಂದಾಯಿಸಿ, ಖಾತೆ ಬದಲಾಗಿ ನಿಮ್ಮ ಹೆಸರಿನ ಪಹಣಿ ಕೈಗೆ ಬಂದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿ. ವರ್ಷ ಹಿಡಿದರೂ ಹಿಡಿಯಲಿ. ‘ಮೊದಲು ಕಟ್ಟಿಬಿಡಿ, ಆಮೇಲೆ ಯಾರು ಒಡೆಸುತ್ತಾರೆ’ ಎನ್ನುವ ಹಿತೈಷಿಗಳು ಪ್ರತಿ ಊರಿನಲ್ಲೂ ಇರುತ್ತಾರೆ. ನಮ್ಮಲ್ಲಿ ಹಾಗೆಂದವರು ಅಳತೆಯ ದಿನ ಈ ಕಡೆ ತಲೆ ಹಾಕಲಿಲ್ಲ.

ದೊಡ್ಡತ್ತೆ ಪಾಲುಪಟ್ಟಿಯ ಕರಡನ್ನು ಪೂರ್ತಿ ಓದಿಸಿಕೊಂಡು ಒಪ್ಪಿದ್ದಾರೆ. ಚಿಕ್ಕತ್ತೆ ಮಕ್ಕಳನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ, ನಾಲ್ಕು ತಿಂಗಳಾಯಿತು. ಅಲ್ಲಿಯವರೆಗೆ ಹೊರಗೋಡೆಗೆ ಗಾರೆ ಮಾಡಿಸುವುದಿಲ್ಲ ಎಂದು ಹೆಂಡತಿ ಹೇಳಿಬಿಟ್ಟಿದ್ದಾಳೆ.