ನೀರಿನ ಪೈಪಿನ ಪಕ್ಕ ಥನ್ಬರ್ಜಿಯಾ ನೆಡಬೇಡಿ

4 ವರ್ಷದ ಹಿಂದೆ ಒಂದು ಗೇಣುದ್ದದ ಸಸಿ ತಂದು ನೆಟ್ಟಿದ್ದೆ. ಹೋದ ತಿಂಗಳು ಅದರ ಕೊನೆಯ ಗೆಡ್ಡೆಯನ್ನು ಹಾರೆ ಹಾಕಿ ಎಬ್ಬಿಸಿದೆ. ಕೊನೆಯದು ಅಂತ ನಂಬಿದ್ದೇನೆ, ಅಷ್ಟೇ.

ಬಳ್ಳಿಯ ಹೆಸರು ಥನ್ಬರ್ಜಿಯಾ ಗ್ರಾಂಡಿಫ್ಲೋರಾ. ನೋಡಿದವರಿಗೆ ಗೊತ್ತು, ತಿಳಿ ನೇರಳೆ ಬೆರೆತ ಆಕಾಶನೀಲಿ ಹೂ, ಗಂಟಲಲ್ಲಿ ನಸು ಹಳದಿ, ಜೋತು ಬಿದ್ದ ಗೊಂಚಲು. ದಪ್ಪ ಕರಿ ದುಂಬಿಗಳು ತಲೆ ಒಳಗೆ ತೂರಿಸಿ ಗುಂಯ್‌ಗುಡುತ್ತಿದ್ದರೆ ಕೆಲಸ ಬಿಟ್ಟು ನಿಂತು ನೋಡಬೇಕು ಅನಿಸುತ್ತದೆ. ನರ್ಸರಿಯವರು ಹೇಳಿದ್ದು ಒಂದೇ ಮಾತು. "ಏನೂ ನೋಡ್ಕೊಳ್ಳೋದೇ ಬೇಡ ಮೇಡಂ, ತಾನೇ ಬೆಳೆಯುತ್ತೆ." ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತಪ್ಪು ನನ್ನದು. ತಾರಸಿಯಿಂದ ಮಳೆನೀರು ಇಳಿಸುವ ಪೈಪು ಗೋಡೆ ಮೇಲೆ ಬೋಳು ಬೋಳಾಗಿ ಕಾಣುತ್ತಿತ್ತು. ಬಳ್ಳಿ ಹಬ್ಬಿಸಿದರೆ ಮುಚ್ಚಿಹೋಗುತ್ತೆ ಅಂದುಕೊಂಡೆ. ಪೈಪಿನ ಬುಡದಲ್ಲೇ ಗುಂಡಿ ತೋಡಿ ನೆಟ್ಟೆ.

ಮೊದಲ ವರ್ಷ ಬಳ್ಳಿ ಅಲ್ಲಾಡಲಿಲ್ಲ. ನಾಲ್ಕು ಎಲೆ, ಮತ್ತೆ ನಾಲ್ಕು ಎಲೆ. ಬೈದುಕೊಂಡು ಗೊಬ್ಬರ ಹಾಕಿದೆ. ಅದು ಸುಮ್ನೆ ಕೂತಿರಲಿಲ್ಲ, ಮಣ್ಣೊಳಗೆ ಗೆಡ್ಡೆ ಕಟ್ಟುತ್ತಿತ್ತು ಅಂತ ಆಗ ನನಗೆಲ್ಲಿ ಗೊತ್ತು?

ಎರಡನೇ ಮಳೆಗಾಲಕ್ಕೆ ಎದ್ದಿತು ನೋಡಿ. ಕುಡಿ ಹಾವಿನ ಹೆಡೆಯಂತೆ ಗಾಳಿಯಲ್ಲಿ ನಿಂತು ನಿಧಾನಕ್ಕೆ ವೃತ್ತ ಹಾಕುತ್ತಿತ್ತು. ಸುತ್ತುವ ಬಳ್ಳಿಗಳೆಲ್ಲ ಆಸರೆ ಹುಡುಕುವುದು ಹೀಗೇ. 1865ರಲ್ಲಿ ಚಾರ್ಲ್ಸ್ ಡಾರ್ವಿನ್ ಬಳ್ಳಿಗಳ ಬಗ್ಗೆ ದೊಡ್ಡ ಪ್ರಬಂಧವನ್ನೇ ಬರೆದಿದ್ದ. ಬಿಯರ್‌ಗೆ ಕಹಿ ಕೊಡುವ ಹಾಪ್ ಬಳ್ಳಿಯ ಕುಡಿ ಬಿಸಿಲಿನ ದಿನ ಸುಮಾರು 2 ಗಂಟೆಯಲ್ಲಿ ಒಂದು ಸುತ್ತು ಹಾಕುತ್ತದೆ ಅಂತ ಕೂತು ಲೆಕ್ಕ ಹಿಡಿದ ಮನುಷ್ಯ. ನಾನೂ ಒಂದು ಕಿತಾಪತಿ ಮಾಡಿದೆ. ಕುಡಿಯನ್ನು ಬಿಚ್ಚಿ ಎದುರು ದಿಕ್ಕಿಗೆ ಸುತ್ತಿ ದಾರ ಕಟ್ಟಿದೆ. ಎರಡು ದಿನದಲ್ಲಿ ದಾರದಿಂದ ಮೇಲಿನ ತುದಿ ಮತ್ತೆ ತನ್ನ ದಿಕ್ಕಿಗೇ ತಿರುಗಿತ್ತು. ಅದರ ದಿಕ್ಕು ಹುಟ್ಟಿನಿಂದಲೇ ಬಂದದ್ದು, ನಮ್ಮ ಮಾತು ಕೇಳುವುದಿಲ್ಲ.

ಆ ವರ್ಷ ಗೋಡೆ ತುಂಬ ಹೂ. ಬಂದವರೆಲ್ಲ ಫೋಟೊ ತೆಗೆದರು. ನಾನು ಬೀಗಿದೆ.

ಮುಂದಿನ ಮಳೆಗಾಲದಲ್ಲಿ ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ಬೆರಳಿಟ್ಟರೆ ಗಾರೆ ಪುಡಿಪುಡಿ. ಹೊರಗೆ ಹೋಗಿ ಎಲೆ ಸರಿಸಿ ನೋಡಿದೆ. ಪೈಪಿಗೂ ಗೋಡೆಗೂ ನಡುವೆ ಎರಡು ಬೆರಳು ಸಂದಿ ಇತ್ತಲ್ಲ, ಅದರೊಳಗೆ ನುಸುಳುವಾಗ ಬಳ್ಳಿ ಪೆನ್ಸಿಲ್ ದಪ್ಪವೂ ಇದ್ದಿರಲಿಕ್ಕಿಲ್ಲ. ಈಗ ನನ್ನ ಹೆಬ್ಬೆರಳಿಗಿಂತ ದಪ್ಪವಾಗಿ, ಒಂದರ ಮೇಲೊಂದು ಹೆಣೆದುಕೊಂಡು, ಪೈಪನ್ನು ಗೋಡೆಯಿಂದ ಆಚೆ ತಳ್ಳಿತ್ತು. ಎರಡು ಕ್ಲ್ಯಾಂಪು ಮೊಳೆ ಸಮೇತ ಕಿತ್ತು ಬಂದಿದ್ದವು. ಪೈಪು ಒಡೆದಿರಲಿಲ್ಲ, ಜಾಯಿಂಟು ಬಿಟ್ಟುಕೊಂಡಿತ್ತು. ಇಡೀ ಮಳೆಗಾಲ ತಾರಸಿಯ ನೀರು ಎಲೆಗಳ ಮರೆಯಲ್ಲಿ ಗೋಡೆಗೆ ಇಳಿದಿತ್ತು.

ಸಂಪಿಗೆ ಮರದ್ದು ಇನ್ನೂ ಬೇಜಾರಿನ ಕಥೆ. ಬಟ್ಟೆ ಒಣಗಿಸುವ ತಂತಿಯನ್ನೇ ಸೇತುವೆ ಮಾಡಿಕೊಂಡು ಬಳ್ಳಿ ಎಳೆ ಸಂಪಿಗೆಗೆ ದಾಟಿತ್ತು. ನೆರಳಿಗೆ ಒಳ್ಳೆಯದೇ ಅಂತ ಬಿಟ್ಟೆ. ಮರ ದಪ್ಪವಾಗುತ್ತಾ ಹೋಯಿತು, ಬಳ್ಳಿಯ ಸುರುಳಿ ಸಡಿಲವಾಗಲಿಲ್ಲ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಅಲ್ಲೇ ಬಿಗಿದರೆ ಇಳಿಯುವ ದಾರಿ ಕಟ್ಟಿಹೋಗುತ್ತದೆ. ಸುರುಳಿಯ ಮೇಲ್ಗಡೆ ಕಾಂಡ ಊದಿಕೊಂಡಿತ್ತು, ಕೆಳಗಡೆ ಸಪೂರ. ಸುರುಳಿ ಬಿಚ್ಚಿದಾಗ ತೊಗಟೆಯಲ್ಲಿ ಸ್ಕ್ರೂ ಕೊರೆದ ಹಾಗೆ ಹಳ್ಳ. ಒಂದು ಗಾಳಿಗೆ ಮರ ಅಲ್ಲೇ ಮುರಿಯಿತು.

ಬುಡಕ್ಕೆ ಗರಗಸ ಹಾಕಿ ಕತ್ತರಿಸಿದೆ. ಮುಗಿಯಿತು ಅಂತ ಕೈ ತೊಳೆದೆ. ಮೂರು ವಾರಕ್ಕೆ ಅದೇ ಬುಡದಿಂದ ಹತ್ತಾರು ಚಿಗುರು! ಅಗೆದು ನೋಡಿದರೆ ಮಲಗಿದ ನಾಯಿಮರಿಯಷ್ಟು ದೊಡ್ಡ ಗೆಡ್ಡೆ, ಸುತ್ತ ಮರಿಗೆಡ್ಡೆಗಳು. ಗುದ್ದಲಿ ತಾಗಿ ತುಂಡಾದದ್ದೆಲ್ಲ ಮತ್ತೆ ಚಿಗುರಿತು. ಕತ್ತರಿಸಿದ ಬಳ್ಳಿಯನ್ನು ಗೊಬ್ಬರದ ಗುಂಡಿಗೆ ಎಸೆದಿದ್ದೆ ನೋಡಿ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಅಲ್ಲೊಂದು ಹೊಸ ತೋಟ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದೇ ಬಳ್ಳಿ ತೋಟದಿಂದ ತಪ್ಪಿಸಿಕೊಂಡು ಕಾಡಿನ ಮರಗಳನ್ನೇ ಮುಚ್ಚುವ ಕಳೆಯಾಗಿದೆ ಅಂತ ಆಮೇಲೆ ಓದಿದೆ. ಓದಬೇಕಾದದ್ದು ನೆಡುವ ಮೊದಲು, ಅಲ್ವಾ?

ಕೊನೆಗೆ ಕೆಲಸ ಮಾಡಿದ್ದು ತಾಳ್ಮೆ ಮಾತ್ರ. ವಾರಕ್ಕೊಮ್ಮೆ ಸುತ್ತು ಹಾಕಿ, ಎಲೆ ಬಲಿಯುವ ಮೊದಲೇ ಪ್ರತಿ ಚಿಗುರನ್ನೂ ಚಿವುಟುತ್ತಾ ಬಂದೆ. ಎಲೆ ಇಲ್ಲದಿದ್ದರೆ ಗೆಡ್ಡೆಗೆ ಊಟ ಇಲ್ಲ, ಕೂಡಿಟ್ಟದ್ದು ಕರಗುತ್ತದೆ. ಮಣ್ಣು ಮೆತ್ತಗಾದಾಗ ಸುತ್ತಲೂ ಬಿಡಿಸಿ, ಆದಷ್ಟು ತುಂಡಾಗದಂತೆ ಎತ್ತಿದೆ. ಕಿತ್ತದ್ದನ್ನು ಮಣ್ಣಿಗೆ ತಾಗಿಸದೆ ಕಲ್ಲುಹಾಸಿನ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿದೆ. ಇದಕ್ಕೆ 14 ತಿಂಗಳು ಹಿಡಿಯಿತು.

ಬಳ್ಳಿ ಕೊಳ್ಳುವಾಗ ಹೂವಿನ ಬಣ್ಣ ಆಮೇಲೆ ಕೇಳಿ. ಹೇಗೆ ಹತ್ತುತ್ತದೆ, ಕಾಂಡ ಎಷ್ಟು ದಪ್ಪ ಆಗುತ್ತದೆ, ಕೆಳಗೆ ಗೆಡ್ಡೆ ಇದೆಯಾ, ಇದನ್ನು ಮೊದಲು ಕೇಳಿ. ಶಂಖಪುಷ್ಪವೂ ಸುತ್ತುವ ಬಳ್ಳಿಯೇ, ಆದರೆ ಸಣ್ಣ ಕಾಂಡ, ಒಂದು ಕೋಲು ಸಾಕು. ವಿಸ್ಟೀರಿಯಾ ಹಾಗಲ್ಲ, ಕಾಂಡ ಮರದ ಹಾಗೆ ಬಲಿಯುತ್ತದೆ, ಕಂಬಿಯನ್ನೂ ಬಗ್ಗಿಸುತ್ತದೆ. ಪ್ಯಾಶನ್ ಹೂವಿನ ಬಳ್ಳಿ ಸ್ಪ್ರಿಂಗಿನಂತೆ ಸುರುಳಿಯಾಗುವ ಸಣ್ಣ ಎಳೆಗಳಿಂದ ಹಿಡಿಯುತ್ತದೆ, ಅದಕ್ಕೆ ತೆಳು ತಂತಿ ಬೇಕು. ಗೋಡೆಗೆ ಅಂಟುವ ಕ್ರೀಪಿಂಗ್ ಫಿಗ್ ಬೇರಿನಿಂದ ಅಂಟು ಸುರಿಸುತ್ತದೆ, ಕಿತ್ತರೂ ಗುರುತು ಹೋಗುವುದಿಲ್ಲ. ಅದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ರಾಮಾಯಣ.

ಥನ್ಬರ್ಜಿಯಾ ಬೇಕೇಬೇಕು ಅನ್ನುವವರು ಮನೆ, ಪೈಪು, ತಂತಿ, ಮರ ಯಾವುದೂ ಕೈಗೆ ಸಿಗದ ಕಡೆ ಗಟ್ಟಿ ಕಬ್ಬಿಣದ ಚಪ್ಪರ ಹಾಕಿ, ವರ್ಷವಿಡೀ ಕತ್ತರಿ ಹಿಡಿದುಕೊಂಡಿರಿ. ಕುಂಡದಲ್ಲಿ ಇಟ್ಟರೆ ಆಗಾಗ ಎತ್ತಿ ತಳ ನೋಡಿ. ತೂತಿನಿಂದ ಬೇರು ಹೊರಗೆ ಬಂದು ನೆಲ ಹಿಡಿದರೆ ಕುಂಡ ಇದ್ದೂ ಇಲ್ಲದ ಹಾಗೆ.

ಹೂ ಬಿಟ್ಟ ವರ್ಷ ಬೀಗಿದ್ದೆ ಅಂದೆನಲ್ಲ, ಆಗ ಇಬ್ಬರು ಗೆಳತಿಯರಿಗೆ ತುಂಡು ಕೊಟ್ಟಿದ್ದೆ. ಇಬ್ಬರಿಗೂ ಫೋನ್ ಮಾಡಿ ಹೇಳಿದೆ. ಒಬ್ಬಳು ಅವತ್ತೇ ಕಿತ್ತಳು. ಇನ್ನೊಬ್ಬಳು "ಇಷ್ಟು ಚಂದ ಇರೋದನ್ನ ಹೇಗೇ ಕೀಳಲಿ" ಅಂತ ಫೋಟೊ ಕಳಿಸಿದಳು. ಹೂ ನಿಜಕ್ಕೂ ಚಂದ ಇದೆ. ಹಿಂದೆ ಕಾಣುವ ಟ್ಯಾಂಕಿನ ಪೈಪಿಗೆ ಆಗಲೇ ಎರಡು ಸುತ್ತು ಬಿದ್ದಿದೆ.