ಅಜ್ಜನ ಕಿವಿಗೆ ಮಿಷನ್ನೋ, ಇಂಪ್ಲಾಂಟೋ?

ಕಿವಿಗೆ ಹಾಕುವ ಮಿಷನ್ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ತೀರಾ ಹಾಳಾಗಿದ್ದರೆ ಸದ್ದು ಕೇಳಿಸಿದರೂ ಮಾತು ತಿಳಿಯುವುದಿಲ್ಲ. ಒಳಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆ ಕೋಶಗಳ ಗೊಡವೆಗೇ ಹೋಗದೆ ನೇರವಾಗಿ ಕಿವಿಯ ನರಕ್ಕೆ ವಿದ್ಯುತ್ ಸಂಕೇತ ಕೊಡುತ್ತದೆ.

ಆದರೆ ಅದಕ್ಕೆ ಆಪರೇಷನ್ ಆಗಬೇಕು. ಆ ಕಿವಿಯಲ್ಲಿ ಉಳಿದಿದ್ದ ಚೂರುಪಾರು ಕೇಳುವಿಕೆಯೂ ಹೋಗಬಹುದು. ಮಿಷನ್ ಒಗ್ಗದಿದ್ದರೆ ಡಬ್ಬಿಗೆ ಹಾಕಿಡಬಹುದು, ಇದು ಹಾಗಲ್ಲ. ಗಾಯ ಮಾಗಿ ಕೆಲವು ವಾರಗಳಾದ ಮೇಲೇ ಇಂಪ್ಲಾಂಟ್ ಶುರು ಮಾಡುತ್ತಾರೆ. ಮೊದಮೊದಲು ಮೊಮ್ಮಗಳ ದನಿಯೂ ರೋಬೋಟ್ ಥರ ಕೇಳಿಸಬಹುದು. ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮನೆಯವರಿಗೂ ತಾಳ್ಮೆ ಬೇಕಲ್ವಾ?

80 ದಾಟಿತು ಅನ್ನುವುದೊಂದೇ ಅಡ್ಡಿಯಲ್ಲ. ನಾನಾದರೆ ಮೊದಲು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಸರಿಯಾಗಿ ಹೊಂದಿಸಿದ ಮಿಷನ್ ಹಾಕಿಸಿ ನೋಡುತ್ತೇನೆ. ಆಗಲೂ ಮಾತು ತಿಳಿಯದಿದ್ದರೆ ಇಂಪ್ಲಾಂಟ್ ವಿಷಯ ಕೇಳುತ್ತೇನೆ.